ಮುಕ್ತಾಬಾಯಿಯ ಹನ್ನೊಂದು ಲಕ್ಷ

"ಏ ಲಖಪತಿ, ಹಿಂದ ಸರಿ! ಬಡವರ ಅಕ್ಕಿ ನುಂಗಾಕ ಬಂದೀದಿ, ನಾಚಿಕಿ ಇಲ್ಲೇನ ನಿನಗ?"

ವಾಗದರಿಯ ರೇಶನ್ ಅಂಗಡಿಯ ಬಸಯ್ಯ ಸಾಲಿನಲ್ಲಿ ನಿಂತ ಅಷ್ಟೂ ಮಂದಿಯ ಎದುರು ಮುಕ್ತಾಬಾಯಿಯ ಚೀಲವನ್ನು ಅಂಗಳಕ್ಕೆ ಒಗೆದ. ಮಶೀನಿನಲ್ಲಿ ಅವಳ ಹೆಸರೇ ಇರಲಿಲ್ಲ. ಮೂರು ತಿಂಗಳಿಂದ ಇದೇ ಹಾಡು. ಅವ್ವ-ಮಗಳು ಒಪ್ಪತ್ತು ಉಂಡು ಮಲಗುತ್ತಿದ್ದರು.

ಮಗಳು ಪ್ರಣಿತಾ ಅಕ್ಕಲಕೋಟೆಯಲ್ಲಿ ಕಾಲೇಜು ಓದುವವಳು. ಕೂಲಿ ಬಿಡಿಸಿ ಅವ್ವನನ್ನು ತಹಸೀಲ ಕಚೇರಿಗೆ ಕರೆದೊಯ್ದಳು. ಕಾರಕೂನ ಕಂಪ್ಯೂಟರ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ದುಧನ್ಯಾಗ ನಿಂದು ಗೋದಾಮ ಅದ. ತೊಗರಿ ಯಾಪಾರದಾಗ ವರ್ಷಕ್ಕ ಹನ್ನೊಂದ ಲಕ್ಷ ಗಳಸ್ತಿ. ಇನ್‌ಕಮ್ ಟ್ಯಾಕ್ಸಿಗೆ ನೀನೇ ಬರದು ಕೊಟ್ಟೀದಿ. ನಿನಗ್ಯಾಕ ಫುಕಟ ಅಕ್ಕಿ, ಮಾಲಕೀಣಬಾಯಿ?"

ದುಧನಿಯ ಆ ಗೋದಾಮಿನಲ್ಲಿ ಮುಕ್ತಾಬಾಯಿ ಕಸ ಹೊಡೆಯುವವಳು! ಎರಡು ವರ್ಷದ ಹಿಂದೆ ದೀಪಾವಳಿಗೆ ಗೋದಾಮಿನ ಧಣಿ ಶಾಂತಲಿಂಗಪ್ಪ ಸಾವಕಾರ ಒಂದು ಸೀರೆ ಕೊಟ್ಟು, ವಿಮೆ ಮಾಡಿಸುತ್ತೇನೆಂದು ಕಾಗದದ ಕಟ್ಟಿಗೆ ಅವಳಿಂದ ಸಹಿ ಹಾಕಿಸಿದ್ದ. ಆ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು. ಅವ್ವನ ಹೆಸರಿಗಿದ್ದ ಗೋದಾಮಿನ ಖರೀದಿ ಪತ್ರದ ನಕಲನ್ನು ಪ್ರಣಿತಾ ತೆಗೆಸಿಕೊಂಡಳು.

ಸಾವಕಾರ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವ್ವ-ಮಗಳು ಹೋಗಿ ಕೇಳಿದರೆ ಮುಚ್ಚಿಡಲೂ ಇಲ್ಲ ಭಾಡ್ಯಾ.

"ಹನ್ನೆರಡ ಲಕ್ಷದ ತನಕ ಗಳಿಕಿಗೆ ಸರಕಾರ ಟ್ಯಾಕ್ಸ್ ಮಾಫ್ ಮಾಡ್ಯಾದ. ಎಲ್ಲಾ ನನ್ನ ಹೆಸರಲೆ ತೋರಿಸಿದ್ರ ಲಕ್ಷಗಟ್ಟಲೆ ಹೋಗತದ. ನಿಮ್ಮಂಥಾ ಎಂಟು ಮಂದಿ ಹೆಸರಲೆ ಹಂಚಿದ್ರ ಒಂದ ಪೈಸಾ ಇಲ್ಲ. ಉಳದ ರೊಕ್ಕದಾಗನ ನಿಮಗ ಕೆಲಸ ಕೊಡ್ತೀನಿ. ನನ್ನ ಹೊಟ್ಟಿ ತುಂಬಿದ್ರ ನಿಮ್ದೂ ತುಂಬತದ, ತಿಳೀತೇನು?"

"ಎರಡ ವರ್ಷದಾಗ ಕೂಲಿ ಹತ್ತ ರೂಪಾಯಿನೂ ಏರಿಲ್ರಿ, ಸಾವಕಾರ್ರ. ರೇಶನ್ನೂ ಹೋತು. ಏನ ತಿನ್ನೂಣ್ರಿ?" ಎಂದಳು ಮುಕ್ತಾಬಾಯಿ.

"ಕಸಾ ಹೊಡದ ತೊಗರಿ ಬಿದ್ದಾದಲ್ಲ, ಆರಿಸ್ಕೊಂಡು ತಿನ್ನು!" ಎಂದು ಮೂಲೆಯ ರಾಶಿಯನ್ನು ಚಪ್ಪಲಿ ಕಾಲಿನಿಂದ ಅವಳತ್ತ ಒದ್ದ. ಮಣ್ಣು, ಇಲಿ ಹಿಕ್ಕೆ, ನಾಲ್ಕು ಕಾಳು ತೊಗರಿ.

ಅವನ ಕಣ್ಣೆದುರೇ ಮುಕ್ತಾಬಾಯಿ ಬಗ್ಗಿ, ಎಲ್ಲವನ್ನೂ ಬಳಿದು ಸೆರಗಿನಲ್ಲಿ ಕಟ್ಟಿಕೊಂಡಳು. ಈ ಹಲ್ಕಟ್‌ನ ಸೊಕ್ಕು ಮುರಿಯದೆ ಬಿಡಬಾರದು ಎಂದುಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಸೊಲ್ಲಾಪುರಕ್ಕೆ ತೊಗರಿ ಒಯ್ಯುವ ಲಾರಿ ಬಂತು. ಗೋದಾಮಿಗೆ ಹೊಸ ಕೀಲಿ ಬಿದ್ದಿತ್ತು. ಸಾವಕಾರನ ಕುರ್ಚಿಯಲ್ಲಿ ಮುಕ್ತಾಬಾಯಿ ಕುಳಿತಿದ್ದಳು. ಹಿಂದೆ ಏಳು ಜನ ಹಮಾಲರು ನಿಂತಿದ್ದರು, ಏಳೂ ಜನ ಅವಳಂತೆಯೇ ಕಾಗದದ ಮೇಲೆ ಲಖಪತಿಗಳಾಗಿ ರೇಶನ್ ಕಳಕೊಂಡವರು.

"ಏ ರಂಡಿ, ಏಳು! ಕೀಲಿಕೈ ಕೊಡು!" ಶಾಂತಲಿಂಗಪ್ಪ ಓಡಿ ಬಂದ.

"ಯಾರ ಗೋದಾಮಿಂದು?"

"ಪೊಲೀಸರಿಗೆ ಫೋನ್ ಮಾಡ್ತೀನಿ ನೋಡು!"

"ಮಾಡೋ ಶಾಂತಲಿಂಗ್ಯಾ. ಇನ್‌ಕಮ್ ಟ್ಯಾಕ್ಸ್‌ನವ್ರಿಗೂ ಮಾಡು. ನಾ ಖರೀದಿ ಕಾಗದ ತೋರಿಸ್ತೀನಿ. ನೀ ಏನ ತೋರಿಸ್ತಿ?"

ಕಿವಿಗೆ ಹೋಗುತ್ತಿದ್ದ ಅವನ ಫೋನು ಅರ್ಧಕ್ಕೇ ನಿಂತಿತು. ಹಮಾಲರತ್ತ ನೋಡಿದ. ಯಾರೂ ಕದಲಲಿಲ್ಲ.

"ಮುಕ್ತಾ… ಕುಂತು ಮಾತಾಡೂಣು. ರೇಶನ್ ನಾ ಕೊಡಿಸ್ತೀನಿ, ಕೂಲಿನೂ ಏರಿಸ್ತೀನಿ."

ಮುಕ್ತಾಬಾಯಿ ಎದ್ದಳು. ಸೆರಗಿನ ಗಂಟು ಬಿಚ್ಚಿ ಅವನ ಕಾಲ ಬುಡಕ್ಕೆ ಸುರಿದಳು. ಮಣ್ಣು, ಇಲಿ ಹಿಕ್ಕೆ, ನಾಲ್ಕು ಕಾಳು ತೊಗರಿ.

"ಆರಿಸ್ಕೊಂಡು ತಿನ್ನು," ಎಂದಳು. "ನನ್ನ ಹೊಟ್ಟಿ ತುಂಬಿದ ಮ್ಯಾಲ ನಿಂದೂ ತುಂಬತದ."

ಮತ್ತೆ ಹೋಗಿ ಕುರ್ಚಿಯಲ್ಲಿ ಕುಳಿತಳು. ಲಾರಿ ಖಾಲಿಯೇ ನಿಂತಿತ್ತು.