ಗಂಟೆ ಹೊಡೆದ ಮೇಲೆ

"ಎರಡರಷ್ಟು ಕೂಲಿ ಕೊಡ್ತೀನಿ ಅಂದ್ರೂ ಬೇಡ್ವಾ?" ಎಂದು ಮಾಲೀಕ ಕೇಳುವಾಗ ಬಣ್ಣದಕ್ಕ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯಾಗಿತ್ತು. ಇನ್ನೊಂದಕ್ಕೂ ಮೆಟ್ಟಿಕೊಂಡು, "ಬೇಡ ಸಾರ್, ಸಾಕು" ಎಂದಳು.

"ಸಾಕು ಅಂದ್ರೆ?"

"ಸಾಕು ಅಂದ್ರೆ ಸಾಕು. ಹೊಟ್ಟೆ ತುಂಬಿದೋರು ಎಲೆ ಮುಂದೆ ಏನಂತಾರೋ ಅದೇ."

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಸಂಜೆ ಗಂಟೆ ಹೊಡೆದರೆ ದಿನದ ಕೆಲಸ ಮುಗಿಯಿತು. ಅದರ ಮೇಲೆ ನಿಲ್ಲುವುದು ಅವರವರ ಇಷ್ಟ. ತೊಳೆಯುವವರು, ಹಿಂಡುವವರು ಎಷ್ಟು ಜನ ನಿಂತರೂ ಬಣ್ಣದಕ್ಕ ನಿಲ್ಲದಿದ್ದರೆ ಕಡಾಯಿ ನಡೆಯದು. ಕುದಿನೀರಿಗೆ ಇಳಿದ ಬಟ್ಟೆಯನ್ನು ಉದ್ದನೆಯ ಮರದ ಕೋಲಿನಿಂದ ತಿರುವುತ್ತಲೇ ಇರಬೇಕು. ಸ್ವಲ್ಪ ಹೊತ್ತು ಕೈಬಿಟ್ಟರೂ ಬಣ್ಣ ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆ ತೆಳ್ಳಗೆ ಹಿಡಿದು ಕಲೆ ಬೀಳುತ್ತದೆ, ಬಿದ್ದ ಕಲೆ ಹೋಗುವುದಿಲ್ಲ. ಆ ಕೋಲು ಬಲ್ಲವರು ಅಲ್ಲಿ ಇಬ್ಬರೇ. ಒಬ್ಬಳು ಬಣ್ಣದಕ್ಕ, ಇನ್ನೊಬ್ಬ ಅದೇ ಕೋಲು ಹಿಡಿದು ಮೇಲೆ ಬಂದ ಮಾಲೀಕ. ಮೇಲೆ ಬಂದವನು ಮತ್ತೆ ಅದನ್ನು ಮುಟ್ಟಿರಲಿಲ್ಲ.

ಕೂಲಿ ಹೆಚ್ಚಿಸುವ ಉಪಾಯ ಅವನ ಮಗಳದು. ಅವಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು, ಚೊಚ್ಚಲ ಬಸುರಿ, ರಜೆ ಹಾಕಿ ಅಪ್ಪನ ಮನೆಯಲ್ಲಿದ್ದಳು. ತಾಯಿಯಿಲ್ಲದ ಮಗಳೆಂದು ಮಾಲೀಕ ಅವಳನ್ನು ಅಂಗೈಯಲ್ಲಿಟ್ಟು ಸಾಕಿದ್ದ. "ಅಪ್ಪಾ, ಗಂಟೆಗೆ ಹೆಚ್ಚು ಕೊಡು. ಆಗ ಮನೇಲಿ ಸುಮ್ನೆ ಕೂರೋದು ಅವರಿಗೇ ದುಬಾರಿ ಆಗುತ್ತೆ. ಒಂದು ಸಂಜೆ ಕೂತ್ರೆ ಇಷ್ಟು ಹೋಯ್ತಲ್ಲ ಅಂತ ತಾವಾಗೇ ಬಂದು ನಿಲ್ತಾರೆ" ಎಂದಿದ್ದಳು. ಅಪ್ಪ ಅಷ್ಟು ಕೇಳಿಸಿಕೊಂಡು ಖುಷಿಯಿಂದ ಎದ್ದುಹೋದ. "ಆದ್ರೆ ಕೆಲವರು ಇಷ್ಟೇ ಸಾಕು ಅಂತ ಕೆಲಸ ಕಮ್ಮಿ ಮಾಡೋದೂ ಉಂಟು" ಎಂದು ಅವಳು ಹೇಳಿದ್ದು ಬಾಗಿಲಿಗೆ ಕೇಳಿಸಿತೋ ಏನೋ, ಅವನಿಗಂತೂ ಕೇಳಿಸಲಿಲ್ಲ.

ಆ ಕೆಲವರಲ್ಲಿ ಬಣ್ಣದಕ್ಕ ಒಬ್ಬಳಾದಳು. ಕೂಲಿ ಕಡಿಮೆಯಿದ್ದಾಗ ಸಂಜೆಯೆಲ್ಲ ದುಡಿದರೂ ಸಾಲುತ್ತಿರಲಿಲ್ಲ. ಕೂಲಿ ಏರಿದ ಮೇಲೆ ಹಗಲಿನ ದುಡಿಮೆಯಲ್ಲೇ ಅವಳ ಮತ್ತು ತಂಗಿಯ ಸಂಸಾರ ಸಾಗುತ್ತಿತ್ತು. ಮೊದಲ ವಾರದಿಂದಲೇ ಅವಳು ಗಂಟೆಗೆ ಸರಿಯಾಗಿ ಚಪ್ಪಲಿ ಮೆಟ್ಟತೊಡಗಿದಳು. ಮಾಲೀಕ ಮೊದಲು ಗದರಿದ, ಆಮೇಲೆ ಬೆಣ್ಣೆ ಹಚ್ಚಿದ. ಅಷ್ಟು ವರ್ಷ "ನೀನು, ಹೋಗು, ಬಾ" ಎನ್ನುತ್ತಿದ್ದವನ ಬಾಯಲ್ಲಿ ಏಕಾಏಕಿ "ನೀವು" ಬಂತು. ಅದನ್ನು ಕೇಳಿದ ದಿನ ಬಣ್ಣದಕ್ಕನಿಗೆ ಮನೆಯವರೆಗೂ ನಗು ಬರುತ್ತಿತ್ತು.

ಮನೆಗೆ ಬಂದವಳು ಕಿಟಕಿಯ ಪಕ್ಕ ಅಮ್ಮನ ಕುರ್ಚಿಯಲ್ಲಿ ಕೂರುತ್ತಿದ್ದಳು. ಹೊಲಿಗೆಯಿಲ್ಲ, ಟಿವಿಯಿಲ್ಲ, ಸುಮ್ಮನೆ ರಸ್ತೆ ನೋಡುವುದು. "ಅಕ್ಕಾ, ಒಂದು ಹಾಡಾದ್ರೂ ಕೇಳೇ" ಎಂದು ತಂಗಿ ಗೊಣಗಿದರೆ, "ಬೇಡ. ಏನಾದ್ರೂ ಮಾಡಿದ್ರೆ ಅದೂ ಕೆಲಸಾನೇ" ಎನ್ನುತ್ತಿದ್ದಳು. ತಂಗಿ ಇದನ್ನು ಆಯಾಸವೆಂದುಕೊಂಡಳು. ಆಯಾಸವಲ್ಲ, ಸೇಡು. ಕೂತ ಪ್ರತಿ ಸಂಜೆಯೂ ಮಾಲೀಕನ ಒಂದು ಕಡಾಯಿ ಖಾಲಿ ಬಿದ್ದಿರುತ್ತದೆ ಎಂದು ನೆನೆದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಮಾಲೀಕನ ಮಗಳು ಒಮ್ಮೆ ಕಡಾಯಿ ಮನೆಗೇ ಬಂದಳು. "ಸಂಜೆ ಏನ್ ಮಾಡ್ತೀರಕ್ಕಾ?" ಎಂದು ಕೇಳಿದಳು.

"ಏನೂ ಇಲ್ಲಮ್ಮ, ಕೂತಿರ್ತೀನಿ."

ಹುಡುಗಿ ಮನಸಾರೆ ನಕ್ಕಳು. "ಕೂಲಿ ಏರಿದ್ರೆ ಜನ ಎಷ್ಟು ಹೊತ್ತು ದುಡೀತಾರೆ ಅಂತ ನಾನು ಪಾಠದಲ್ಲಿ ಒಂದು ಗೆರೆ ಬರೀತೀನಿ. ಮೇಲೆ ಹೋಗ್ತಾ ಹೋಗ್ತಾ ಹಿಂದಕ್ಕೆ ಬಾಗುತ್ತೆ. ಆ ಬಾಗಿನಲ್ಲಿ ಕೂತಿರೋರು ಯಾರು ಅಂತ ಇವತ್ತು ಗೊತ್ತಾಯ್ತು." ಬಣ್ಣ ಕುಡಿದು ಕಪ್ಪಿಟ್ಟ ಅವಳ ಉಗುರುಗಳನ್ನು ನೋಡಿ, ಅಪ್ಪನಿಗೆ ಹೇಳಿ ರಬ್ಬರ್ ಕೈಗವಸು ತರಿಸಿಕೊಟ್ಟಳು. ಅವಳ ಮೇಲೆ ಬಣ್ಣದಕ್ಕನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ಅವಳಪ್ಪನ ಪಾಲಿಗೆ ಬೇಕಾಗಿತ್ತು.

ಹಿಂದೊಂದು ಮಧ್ಯಾಹ್ನ ತಂಗಿ ಏದುಸಿರು ಬಿಡುತ್ತಾ ಇಲ್ಲಿಗೆ ಓಡಿಬಂದಿದ್ದಳು. "ಅಮ್ಮ ನಿನ್ನೇ ಕರೀತಿದಾಳೆ, ಬೇಗ ಬಾ" ಎಂದಿದ್ದಳು. ಕಡಾಯಿಯಲ್ಲಿ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆಯಿತ್ತು. ಮಾಲೀಕ ಬಾಗಿಲಿಗೆ ಅಡ್ಡ ನಿಂತ. "ಬಟ್ಟೆ ನೀರಿಗಿಳಿದಾಗಿದೆ. ಕೋಲು ಬಿಟ್ರೆ ಕಲೆ ಬೀಳುತ್ತೆ. ಹೋಗೋದಾದ್ರೆ ಹೋಗು, ನಾಳೆ ಬರ್ಬೇಡ." ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಹಲ್ಲು ಕಚ್ಚಿ ತಿರುವಿದಳು. ಕೊನೆಯ ಬಟ್ಟೆ ಮೇಲೆತ್ತಿದವಳೇ ಕೈಯನ್ನೂ ತೊಳೆಯದೆ ಓಡಿದಳು. ಅಮ್ಮನ ಕೆನ್ನೆ ಮುಟ್ಟಿದರೆ ತಣ್ಣಗಿತ್ತು. ಕೈ ತೆಗೆದಾಗ ಐದು ನೀಲಿ ಬೆರಳು ಕೆನ್ನೆಯ ಮೇಲೆ ಉಳಿದಿದ್ದವು, ಯಾರೋ ಹೊಡೆದಂತೆ. ಎಷ್ಟು ಒರೆಸಿದರೂ ಹೋಗಲಿಲ್ಲ. ಅಮ್ಮನನ್ನು ಹಾಗೆಯೇ ಕಳಿಸಿಕೊಟ್ಟರು.

ಅಂದಿನಿಂದ ಬಣ್ಣದಕ್ಕನಿಗೆ ಒಂದೇ ಆಸೆ. ಇವನೂ ಒಂದು ದಿನ ಈ ಕೋಲು ಹಿಡಿದು ನಿಲ್ಲಬೇಕು, ಹೊರಗೆ ಇವನ ಕರುಳು ಕರೆಯುತ್ತಿರಬೇಕು, ಇವನಿಗೆ ಕೈಬಿಡಲು ಆಗಬಾರದು.

ಆ ದಿನ ಬಂತು. ಹೊಸ ನಾಟಕ ಮಂದಿರದ ಪರದೆಗೆ ಕಡುಗೆಂಪು ಹಾಕುವುದಿತ್ತು. ಅಷ್ಟೂ ಬಟ್ಟೆ ಒಂದೇ ಬಾರಿಗೆ ಇಳಿಯಬೇಕು, ಇಲ್ಲದಿದ್ದರೆ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ. ಮಾಲೀಕ ಹತ್ತಾರು ಜನರ ಕಾಲು ಹಿಡಿದು ಗಿಟ್ಟಿಸಿಕೊಂಡ ಕೆಲಸ ಅದು. ಮರುದಿನ ಬೆಳಿಗ್ಗೆ ಒಪ್ಪಿಸಬೇಕಿತ್ತು. ಅವನ ಮಗಳನ್ನು ಆಗಲೇ ಆಸ್ಪತ್ರೆಗೆ ಸೇರಿಸಿದ್ದರು. ಅಂಗಿಯ ಜೇಬಿನ ಫೋನನ್ನು ಮುಟ್ಟಿಮುಟ್ಟಿ ನೋಡುತ್ತಾ ಅವನು ಅಂಗಳದಲ್ಲಿ ಶತಪಥ ತುಳಿಯುತ್ತಿದ್ದ.

ಬಟ್ಟೆಯನ್ನು ಬೆಳಿಗ್ಗೆಯೇ ಇಳಿಸಬಹುದಿತ್ತು. ಬಣ್ಣದಕ್ಕ ಚಿಂದಿಯೊಂದನ್ನು ಅದ್ದಿ ಬೆಳಕಿಗೆ ಹಿಡಿದು, "ಇನ್ನೂ ಬಣ್ಣ ಕೂತಿಲ್ಲ ಸಾರ್" ಎಂದಳು. ಊಟವಾದ ಮೇಲೆ ಮತ್ತೊಮ್ಮೆ ಅದ್ದಿ, "ಇನ್ನೊಂಚೂರು" ಎಂದಳು. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಬಟ್ಟೆ ಇಳಿಸಿದಳು. ಗಂಟೆ ಹೊಡೆದಾಗ ಪರದೆ ಅರ್ಧ ಬಣ್ಣ ಕುಡಿದಿತ್ತು. ಉಳಿದವರೆಲ್ಲ ಕೈಕಾಲು ತೊಳೆದು ಹೊರಟರು.

ಆಗಲೇ ಫೋನ್ ಬಂತು. ಮಾಲೀಕ ಒಳಗೆ ನುಗ್ಗಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಮಗು ಅಡ್ಡ ತಿರುಗಿದೆಯಂತೆ, ಆಪರೇಷನ್ ಮಾಡ್ತಾರಂತೆ. ಒಳಗೆ ಕರ್ಕೊಂಡು ಹೋಗೋ ಮುಂಚೆ ಅಪ್ಪನ್ನ ನೋಡ್ಬೇಕು ಅಂತ ಅಳ್ತಿದಾಳಂತೆ. ನಾನು ಹೊರಟೆ, ನೀವು ನೋಡ್ಕೊಳ್ಳಿ."

ಆ ಹುಡುಗಿಯ ನಗು ಬಣ್ಣದಕ್ಕನ ಕಣ್ಣಮುಂದೆ ಬಂತು. ಆದರೂ ಅವಳು ಒಂದು ಕೈಯಲ್ಲಿ ಕೋಲು ಆಡಿಸುತ್ತಲೇ ಇನ್ನೊಂದರ ಕೈಗವಸನ್ನು ಹಲ್ಲಿನಿಂದ ಎಳೆದು ತೆಗೆದಳು.

"ಗಂಟೆ ಆಯ್ತು ಸಾರ್."

"ಏನು?"

"ಗಂಟೆ ಹೊಡೆದಾಯ್ತು. ನಾನು ಹೊರಟೆ."

"ತಲೆ ಕೆಟ್ಟಿದೆಯಾ ನಿಂಗೆ? ಮೂರರಷ್ಟು ಕೊಡ್ತೀನಿ. ಎಷ್ಟು ಬೇಕು ಬಾಯಿಬಿಟ್ಟು ಹೇಳು!"

"ನನ್ನ ಸಂಜೆ ಮಾರಾಟಕ್ಕಿಲ್ಲ ಸಾರ್." ಅವಳು ಕೋಲಿನ ತುದಿಯನ್ನು ಅವನ ಕೈಗೆ ಒತ್ತಿದಳು. ಕೈ ತನ್ನ ಹಳೆಯ ಕೆಲಸ ಮರೆತಿರಲಿಲ್ಲ, ಹಿಡಿದ ಕೂಡಲೇ ತಿರುವತೊಡಗಿತು. "ಬಟ್ಟೆ ನೀರಿಗಿಳಿದಾಗಿದೆ. ಕೋಲು ಬಿಟ್ರೆ ಕಲೆ ಬೀಳುತ್ತೆ. ಯಾರ ಮಾತು ನೆನಪಿದೆಯಾ? ನಮ್ಮಮ್ಮ ಸಾಯೋ ದಿನ ಆ ಬಾಗಿಲಲ್ಲಿ ನಿಂತು ನೀವೇ ಹೇಳಿದ್ದು."

ಮಾಲೀಕ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. "ಯಾವ ದಿನ?" ಎಂದ.

ನಾಟಕವಾಡುತ್ತಿರಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಬಣ್ಣದಕ್ಕ ಬಾಗಿಲಿನತ್ತ ನಡೆದು ಚಪ್ಪಲಿ ಹುಡುಕಿದಳು. ಬೆನ್ನ ಹಿಂದೆ ಅವನು ಗೋಗರೆಯುತ್ತಾನೆ, ಅಳುತ್ತಾನೆ, ಕೋಲನ್ನಂತೂ ಬಿಡಲಾರ ಎಂದುಕೊಂಡಿದ್ದಳು. ಅದನ್ನು ಕೇಳಲೆಂದೇ ಅವಳು ಬೇಕೆಂದು ನಿಧಾನ ಮಾಡಿದಳು.

ಜೇಬಿನಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. "ಹಾಳಾಗಿ ಹೋಗ್ಲಿ!" ಎಂದವನೇ ಮಾಲೀಕ ಕೋಲನ್ನು ಕಡಾಯಿಗೆ ಎಸೆದ. ಕೆಂಪು ನೀರು ಅವನ ಬಿಳಿ ಅಂಗಿಗೆಲ್ಲ ಹಾರಿತು. ಒರೆಸಿಕೊಳ್ಳಲೂ ನಿಲ್ಲದೆ, ಬಾಗಿಲಲ್ಲಿ ಬಗ್ಗಿದ್ದ ಅವಳನ್ನು ದಾಟಿಕೊಂಡು ಓಡಿದ. ಕಾರು ಹೊರಟ ಸದ್ದು ಕೇಳಿಸಿತು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಬಣ್ಣದಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಇಷ್ಟೇನಾ? ಕೋಲು ಬಿಡುವುದೆಂದರೆ ಇಷ್ಟೇನಾ? ಅವನಿಗೆ ಹೋದರೆ ಒಂದು ಪರದೆ ಹೋಯಿತು. ನಾಳೆ ಬರಬೇಡ ಎನ್ನಲು ಅವನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಒಂದು ಸಲ ಜೋರಾಗಿ ಕೂಗಿಬಿಡಬೇಕೆನ್ನಿಸಿತು. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಅವಳು ಚಪ್ಪಲಿಯನ್ನು ಕೆಳಗಿಟ್ಟಳು. ಮಾಲೀಕನ ಕೋಣೆಗೆ ಹೋಗಿ ಅವನ ಮೆತ್ತೆಯ ಕುರ್ಚಿಯನ್ನು ದರದರನೆ ಎಳೆದು ತಂದು ಕಡಾಯಿಯ ಎದುರು ಹಾಕಿದಳು. ಆ ಕುರ್ಚಿಯಲ್ಲಿ ಅವಳು ಹಿಂದೆಂದೂ ಕೂತಿರಲಿಲ್ಲ. ಒರಗಿಕೊಂಡು ಕಾಲು ಚಾಚಿದಳು. ಕೋಲು ನೀರಿನ ಮೇಲೆ ನಿಧಾನವಾಗಿ ಒಂದು ಸುತ್ತು ಬಂದು ಅಂಚಿಗೆ ತಾಗಿ ನಿಂತಿತು. ಉಬ್ಬಿದ ಬಟ್ಟೆಯ ಮೇಲೆ ಅಂಗೈಯಗಲದ ಕಲೆಯೊಂದು ಮೂಡಿತು, ಅದರ ಪಕ್ಕ ಇನ್ನೊಂದು.

ತೊಡೆಯ ಮೇಲೆ ಅವಳ ಬಲಗೈ ತನ್ನಷ್ಟಕ್ಕೆ ತಿರುಗತೊಡಗಿತು. ಅವಳು ಅದನ್ನು ಎತ್ತಿ ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಭಾರ ಹಾಕಿ ಕೂತಳು.