ಒಂದರಿಂದ ಹದಿನೆಂಟರವರೆಗೆ

ಪ್ರಿವ್ಯೂ ಥಿಯೇಟರಿನಲ್ಲಿ ಮಧ್ಯಾಹ್ನ ಎರಡೂವರೆಗೆ ದೀಪ ಆರುವ ಮೊದಲೇ ನಾನು ಎರಡು ಸಲ ಬಾಗಿಲು ಎಲ್ಲಿದೆಯೆಂದು ನೋಡಿಕೊಂಡಿದ್ದೆ. ಪಕ್ಕದಲ್ಲಿ ನನ್ನ ಗಂಡ; ಈ ಪ್ರೇಮ-ಹಾಸ್ಯ ಚಿತ್ರದ ಕಥೆ, ಸಂಭಾಷಣೆ ಎಲ್ಲ ಅವರದೇ. ನಾಯಕಿಗೆ ಕಂಠದಾನ ನನ್ನದು. ಕೊನೆಯ ದೃಶ್ಯದಲ್ಲಿ ನಾನು ಮಾಡಿದ್ದ ಕಿತಾಪತಿ ಸೌಂಡ್ ಇಂಜಿನಿಯರನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ನಿರ್ಮಾಪಕರು ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಜನ ನಗಲಿಲ್ಲ ಅಂದ್ರೆ ಮುಂದಿನ ಚಿತ್ರಕ್ಕೆ ಬೇರೆ ರೈಟರ್ ನೋಡ್ಕೋತೀನಿ."

ನಗುವುದಾದರೂ ಹೇಗೆ? ಇಪ್ಪತ್ತೆರಡರ ಕಾಲೇಜು ಹುಡುಗನೆಂದು ಬರೆದ ಪಾತ್ರಕ್ಕೆ ನಿರ್ಮಾಪಕರ ಭಾವಮೈದ ಬಂದು ಕೂತಿದ್ದ. ಓಡಿ ಬರುವ ದೃಶ್ಯಗಳಲ್ಲಿ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಅವನು. ನಾಯಕಿಗೆ ಒಂದು ಸಾಲೂ ನೆನಪಿರದು. ಕ್ಯಾಮೆರಾ ಮುಂದೆ ಒಂದು, ಎರಡು, ಮೂರು ಎಂದು ಎಣಿಸಿಬಿಡುತ್ತಿದ್ದಳು. ಆ ತುಟಿಗಳಿಗೆ ಹೊಂದುವಂತೆ ಆಮೇಲೆ ನಾನು ಮಾತು ಕೂರಿಸಬೇಕು. ಇನ್ನು ನಮ್ಮವರ ಬರವಣಿಗೆ, ಗಂಡ ಅಂತ ಮುಚ್ಚಿಡಲಾರೆ, ಸಪ್ಪೆ.

ಕೊನೆಗೆ ನಾಯಕಿ ಅಳುತ್ತ ಹೇಳಬೇಕಿದ್ದದ್ದು: "ನಿಮ್ಮ ಜೊತೆ ಸುಮ್ಮನೆ ಕೂತಿದ್ರೂ ಸಾಕು, ಊಟ ಮಾಡಿದಷ್ಟು ಹೊಟ್ಟೆ ತುಂಬುತ್ತೆ." ಡಬ್ಬಿಂಗಿನಲ್ಲಿ ನಾನದನ್ನು ಹೇಳಿದಾಗ ಗಾಜಿನಾಚೆ ಇಂಜಿನಿಯರ್, "ಅಕ್ಕಾ, ನನಗಂತೂ ಹೊಟ್ಟೆ ತೊಳೆಸ್ತಿದೆ" ಎಂದು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಇವರ ಮಾನ ಹರಾಜಾಗುವುದು ಖಂಡಿತ ಅನ್ನಿಸಿ, "ಅವಳ ಎಣಿಕೇನೇ ಇರಲಿ ಬಿಡಪ್ಪ, ಅದಕ್ಕಾದ್ರೂ ಜನ ನಗ್ತಾರೆ" ಎಂದುಬಿಟ್ಟೆ.

ಒಂದೂವರೆ ಗಂಟೆ ಯಾರೂ ತುಟಿ ಅಲುಗಿಸಲಿಲ್ಲ. ಪ್ರತಿ ಜೋಕಿಗೂ ಮುಂಚೆ ಇವರು ನನ್ನ ಮೊಣಕೈ ತಿವಿದು "ಈಗ ನೋಡು" ಎನ್ನುತ್ತಿದ್ದರು. ಯಾರೋ ಕೆಮ್ಮುತ್ತಿದ್ದರು. ಬರಬರುತ್ತ ತಿವಿಯುವುದೂ ನಿಂತಿತು. ಮುಂದಿನ ಸಾಲಿನಲ್ಲಿದ್ದ ಇಂಜಿನಿಯರ್ ಒಮ್ಮೆ ಹಿಂತಿರುಗಿ ನೋಡಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸೆರಗು ಎಳೆದುಕೊಂಡೆ. ತಡೆಯಲಾರದೆ "ರೀ..." ಎಂದೆ.

"ಶ್! ಇದೊಂದು ಕೇಳು" ಎಂದು ನನ್ನ ಕೈ ಹಿಡಿದುಕೊಂಡರು.

ಪರದೆಯ ಮೇಲೆ ನಾಯಕಿ ಬಿಕ್ಕಿದಳು. "ಒಂದು... ಎರಡು... ಮೂರು..." ಹದಿನೆಂಟಕ್ಕೆ ನಿಂತಳು. ನಾಯಕ ಗದ್ಗದಿತನಾಗಿ, "ಈ ಮಾತಿಗೆ ಎಷ್ಟು ವರ್ಷ ಕಾದಿದ್ದೆ!" ಎಂದ.

ಥಿಯೇಟರ್ ಚಾವಣಿ ಹಾರಿಹೋಗುವಂತೆ ನಕ್ಕಿತು. ನಿರ್ಮಾಪಕರು ಕಣ್ಣೊರೆಸಿಕೊಳ್ಳುತ್ತ, "ಭಲೇ ರೈಟರೇ! ಮುಂದಿನ ಚಿತ್ರಾನೂ ನಿಮ್ಮದೇ" ಎಂದು ಕೂಗಿದರು. ಇವರು ನನ್ನ ಕೈ ಬಿಟ್ಟು, ಎದ್ದು ನಿಂತು, ಎಲ್ಲರಿಗೂ ತಲೆಬಾಗಿದರು.

ಹೊರಗಿನ ಮೆಟ್ಟಿಲ ಮೇಲೆ ನಾನೇ ಬಾಯಿಬಿಟ್ಟೆ. "ನಿಮ್ಮ ಆ ಕೊನೇ ಮಾತು ತೆಗೆಸಿದ್ದು ನಾನು ರೀ. ಬೈದುಬಿಡಿ."

ಬೈಗುಳಕ್ಕೇ ನಾನು ಇಷ್ಟು ಹೊತ್ತು ಹೆದರಿದ್ದದ್ದು. ಅವರು ಬೈಯಲಿಲ್ಲ.

"ಅಷ್ಟು ಕೆಟ್ಟದಾಗಿತ್ತಾ?"

"ಜನ ನಿಮ್ಮನ್ನ ಆಡ್ಕೊಂಡು ನಗಬಾರದು ಅಂತ..."

"ಹನ್ನೆರಡು ವರ್ಷದ ಹಿಂದೆ ಬಸ್ ಸ್ಟಾಪಲ್ಲಿ ನಿನಗೆ ಹೇಳಿದ್ದು ಅದೇ ಮಾತು. ಆಗ ನೀನು ಅತ್ತಿದ್ದೆ."

ಬಸ್ ಸ್ಟಾಪ್ ನೆನಪಿತ್ತು. ಅತ್ತದ್ದೂ ನೆನಪಿತ್ತು. ಆ ಮಾತು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಇವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಈಗ ನಿಜವಾಗಿ ಭಯವಾಯಿತು.

"ನೆನಪಿದೆ ರೀ" ಎಂದೆ.

ಬಾಯಿಂದ ಬಂದದ್ದು ಸ್ಟುಡಿಯೋದಲ್ಲಿ ನಾಯಕಿಗೆ ಕೊಟ್ಟಿದ್ದ ದನಿ. ಅದು ಅವರಿಗೂ ಕೇಳಿಸಿತು.