ಹುಣ್ಣಿನ ಮೇಲಿನ ಮರದ ತುಂಡು

ಹಸುವನ್ನು ಹಗ್ಗ ಹಾಕಿ ಕೆಡವಿ ಗೊರಸು ಕೆತ್ತುವುದರಲ್ಲಿ ಅಣ್ಣನನ್ನು ಮೀರಿಸುವವರೇ ಇರಲಿಲ್ಲ. ತಮ್ಮನಿಗೆ ಕೈಹಿಡಿದು ಕೆಲಸ ಕಲಿಸಿದವನೂ ಅವನೇ. ಈಗ ತಮ್ಮ ಹಸುವನ್ನು ನಿಲ್ಲಿಸುವ ಕಬ್ಬಿಣದ ಕಟಕಟೆ, ಗೊರಸು ಉಜ್ಜುವ ಕರೆಂಟಿನ ಗ್ರೈಂಡರ್ ತಂದಿದ್ದ. ಹಸು ನಿಂತಲ್ಲೇ ಅದರ ಕಾಲು ಮೇಲೇಳುತ್ತಿತ್ತು. ಡೈರಿಯ ಯಜಮಾನಿ ಅಣ್ಣನನ್ನು ಸಗಣಿ ಬಾಚಲು ಹಚ್ಚಿದಳು. ತಮ್ಮ ಬಾಯಿಮಾತಿಗೂ ಬೇಡ ಅನ್ನಲಿಲ್ಲ. ಅಣ್ಣನ ಹೊಟ್ಟೆ ಉರಿದುಹೋಯಿತು.

ಕೊಟ್ಟಿಗೆಯ ದೊಡ್ಡ ಕಪ್ಪು ಹಸುವಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಅದರ ಹಿಂಗಾಲ ಗೊರಸಿನಲ್ಲಿ ಹುಣ್ಣಾಯಿತು. ಇಂಥ ಹೊತ್ತಿಗೆ ಗೊರಸಿನ ಎರಡು ಹೋಳುಗಳಲ್ಲಿ ನೋವಿಲ್ಲದ್ದರ ಅಡಿಗೆ ಮರದ ತುಂಡು ಅಂಟಿಸುತ್ತಾರೆ. ಭಾರವೆಲ್ಲ ಅದರ ಮೇಲೆ ಬಿದ್ದು, ಹುಣ್ಣಿನ ಹೋಳು ನೆಲ ಮುಟ್ಟದೆ ಮಾಯುತ್ತದೆ. ತಮ್ಮ ಎರಡೂ ಹೋಳಿಗೆ ನೀಲಿ ಮದ್ದು ಹೊಡೆದಿದ್ದರಿಂದ ಎರಡೂ ಒಂದೇ ಥರ ಕಾಣುತ್ತಿದ್ದವು. ಅಂಟು ಕಲಸುವಾಗ ಫೋನ್ ಬಂತು. ಹರಟುತ್ತಲೇ ತುಂಡನ್ನು ಹುಣ್ಣಿನ ಮೇಲೆಯೇ ಅಂಟಿಸಿಬಿಟ್ಟ.

ಸಲಿಕೆ ಹಿಡಿದಿದ್ದ ಅಣ್ಣ ನೋಡಿದ. ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಇವನ ಜಂಬ ನಾಲ್ಕು ಜನರೆದುರು ಇಳಿಯಲಿ, ಆಮೇಲೆ ನಾನೇ ಕಿತ್ತು ಸರಿಮಾಡುತ್ತೇನೆ ಎಂದುಕೊಂಡ.

ದಿನ ಕಳೆದಂತೆ ಮಹಾರಾಣಿ ಮೇವು ಬಿಟ್ಟಿತು. ಕೀವು ಕಾಲಿನ ಕೀಲಿಗೆ ಏರಿತು. ಕೊನೆಗೆ ಯಜಮಾನಿ ಅಣ್ಣನ ಹತ್ತಿರವೇ ಬಂದಳು.

"ನೀನೊಂದ್ಸಲ ನೋಡ್ತೀಯೇನಪ್ಪಾ?"

"ನಾನು ಸಗಣಿ ಬಾಚೋನು ಅಮ್ಮಾ. ಮಿಷಿನ್ ಇಟ್ಕೊಂಡಿರೋರನ್ನ ಕೇಳಿ."

ಇನ್ನೊಮ್ಮೆ ಕೇಳುತ್ತಾಳೆ, ಗೋಗರೆಯುತ್ತಾಳೆ, ಆಗ ಹೂಂ ಅಂದರಾಯಿತು ಎಂದು ಅವನ ಲೆಕ್ಕಾಚಾರ. ಅವಳು ಕೇಳಲಿಲ್ಲ. ಕಸಾಯಿಖಾನೆಗೆ ಫೋನ್ ಮಾಡಿದಳು.

ಲಾರಿಯ ಹಲಗೆ ಹತ್ತುವಾಗ ಮಹಾರಾಣಿಯ ಕಾಲಡಿಯ ಮರ ಟಕ್ಕೆಂದಿತು. ತಮ್ಮ ಬಗ್ಗಿ ನೋಡಿದ. ತುಂಡು ಹುಣ್ಣಿನ ಹೋಳಿಗೇ ಅಂಟಿರುವುದು ಆಗ ಕಂಡಿತು.

"ಅಣ್ಣಾ, ನಿಂಗೆ ಗೊತ್ತಿತ್ತಾ?" ಎಂದು ಪಿಸುಗುಟ್ಟಿದ.

"ನೀನು ಅಂಟಿಸ್ದಾಗ್ಲೇ ನೋಡಿದ್ದೆ."

ತಮ್ಮ ಯಜಮಾನಿಯತ್ತ ತಿರುಗಿದ. "ಇದು ಹಳೇ ಗಾಯ ಅಮ್ಮಾ. ಅಣ್ಣ ಆವಾಗ ಆಳವಾಗಿ ಕೆತ್ತಿಬಿಟ್ಟಿದ್ದ. ಅದೇ ಈಗ ಮೇಲೆ ಬಂದಿರೋದು."

"ಹೌದೇನೋ?" ಯಜಮಾನಿ ಅಣ್ಣನನ್ನು ಕೇಳಿದಳು.

ಲಾರಿ ಇನ್ನೂ ಹೊರಟಿರಲಿಲ್ಲ, ಮರದ ತುಂಡು ಎಲ್ಲರ ಕಣ್ಣೆದುರೇ ಇತ್ತು. ಅಣ್ಣ ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ಆದರೆ ತೋರಿಸಿದರೆ, ಯಾವಾಗ ನೋಡಿದೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಾಳೆ. ಮಹಾರಾಣಿ ಕಡಸಾಗಿದ್ದಾಗ ಅದರ ಗೊರಸಿಗೆ ಮೊದಲ ಸಲ ಉಳಿ ಇಟ್ಟವನು ಅವನೇ, ಹಾಗಾಗಿ ತಮ್ಮನ ಮಾತು ನಂಬುವಂತೆಯೂ ಇತ್ತು.

"ಇರ್ಬಹುದು ಅಮ್ಮಾ," ಎಂದು ಸಲಿಕೆಯನ್ನು ಗೋಡೆಗೆ ಒರಗಿಸಿದ.